ಸಮುದ್ರ ಕಾಣೋ ರೂಮು

...ಅದಲ್ಲ. ಅದು ಊಟ ಮಾಡೋ ಜಾಗ. ಮುಂದಿನ ಹಾಳೆ ತಿರುವು. ಇನ್ನೊಂದು. ಹಾ... ಅದು. ಮಂಚ ಐತಲ್ಲ, ಕಿಟಕಿ ತುಂಬ ನೀಲಿ ಐತಲ್ಲ. ಅದು ಬಣ್ಣ ಬಳಿದಿರೋದಲ್ಲ ಕಣೇ. ಸಮುದ್ರ. ಮಲೇಸಿಯಾದ ಸಮುದ್ರ. ಹಾಸಿಗೆ ಮೇಲೆ ಮಲಗಿದ್ದಂಗೇ ಕಾಣ್ತದಂತೆ. ಎದ್ದು ಹೋಗೋದೇ ಬೇಡ.

ಕೂತ್ಕೋ ಕೋಮಲ. ಮಂಚದ ಮೇಲೇ ಕೂತ್ಕೋ. ಏನೂ ಆಗಲ್ಲ. ನಿಮ್ಮಕ್ಕನ ಹಾಸಿಗೆ ಸುಟ್ಟಾಯ್ತು. ಇದು ಹೊಸಾದು. ಹಾಸನದಿಂದ ತಂದಿದ್ದು. ಮಂಚ ಮಾತ್ರ ಅದೇ. ಬೀಟೆ ಮಂಚ. ಬೀಟೇನ ಯಾರಾದ್ರೂ ಬಿಸಾಕ್ತಾರಾ?

ನಿಂತೇ ಇರ್ತೀಯ? ಸರಿ. ನಿಂತ್ಕೋ.

ಬಾಗಿಲ ಕಡೆ ನೋಡಬೇಡ. ನಿಮ್ಮಪ್ಪ ಹಿತ್ತಲಲ್ಲಿ ಎಲೆಅಡಿಕೆ ಹಾಕ್ಕೊಂಡು ಕೂತವ್ರೆ. ನಾನೇ ಹೇಳ್ದೆ. ಮಾವ, ಒಂದು ಗಳಿಗೆ ಕೋಮಲನ ಹತ್ರ ಮಾತಾಡ್ತೀನಿ ಅಂತ. ಮಾತಾಡ್ರಿ ಅಳಿಯಂದ್ರೆ, ಅದಕ್ಕೇ ಅಲ್ವಾ ಕರ್ಕೊಂಡು ಬಂದಿರೋದು ಅಂದ್ರು. ಅವರು ಒಪ್ಪವ್ರೆ. ನಿಮ್ಮವ್ವ ಮುತ್ತಮ್ಮನೂ ಒಪ್ಪವ್ಳೆ. ಮಾಘದಲ್ಲಿ ಲಗ್ನ. ಹೆಂಡ್ತಿ ಹೋಗಿ ವರ್ಷ ತುಂಬೋದ್ರೊಳಗೆ ಮಾಡ್ಕೋಬೇಕು, ಇಲ್ಲಾ ಮೂರು ವರ್ಷ ತಡೀಬೇಕು ಅಂತಾರೆ ಹಿರೀಕರು. ಮೂರು ವರ್ಷ ನಾನು ತಡೆದೇನು. ನೀನು ತಡೀತೀಯ? ಇಪ್ಪತ್ತಾರು ಈಗಲೇ.

ಇನ್ನು ಉಳಿದಿರೋದು ನೀನು ಹೂಂ ಅನ್ನೋದು. ಕೇಳಲೇಬೇಕು ಅಂತೇನಿರಲಿಲ್ಲ. ಆದ್ರೂ ಕೇಳ್ತಾ ಇದೀನಿ. ನಿಮ್ಮಕ್ಕನ್ನ ನಾನು ಮಾಡ್ಕೊಂಡಾಗ ಯಾರೂ ಅವಳ್ನ ಕೇಳಿರಲಿಲ್ಲ.

ಕಾಫಿ ಕುಡಿ. ನಾನೇ ಕಾಯಿಸಿದ್ದು. ಲೋಟ ಹಂಗೇ ಮಂಚದ ಮೇಲೇ ಇಟ್ಕೋ.

ಇದು ಕಂಪನಿ ಕೊಡೋ ಟೂರು. ನಿಮ್ಮಪ್ಪಂಗೆ ಎಷ್ಟು ಹೇಳಿದ್ರೂ ಅರ್ಥ ಆಗಲಿಲ್ಲ. ನೀನು ಓದಿದೀಯ. ಪಂಪ್‌ಸೆಟ್ಟು ಯಾವ ಅಂಗಡಿಯವ್ನು ಹೆಚ್ಚು ಮಾರ್ತಾನೋ ಅವ್ನಿಗೆ ಫಾರಿನ್ ಟೂರು. ಅರಸೀಕೆರೆಗೆ ನಾನು. ಬೇಲೂರಿಗೆ ಏಕಾಂತಯ್ಯ. ಕಪಲ್ ಟೂರು ಅಂತ ಹೆಸರು ಅದಕ್ಕೆ. ಗಂಡ, ಹೆಂಡ್ತಿ. ಒಬ್ಬನೇ ಹೋಗಂಗಿಲ್ಲ. ಅಣ್ಣನ ಮಗ ಸಂತುನ ಕರ್ಕೊಂಡು ಹೋಯ್ತೀನಿ ಅಂದೆ. ಆಗಲ್ಲ ಅಂದ್ರು. ಹೆಂಡ್ತೀನೇ ಆಗಬೇಕಂತೆ. ಈ ಪುಸ್ತಕದಲ್ಲಿ ಹೋಟ್ಲು ಮೂರು ತೋರಿಸವ್ರೆ, ಒಂದು ಆರಿಸಬೇಕು. ಆಟಗಳು ಒಂದಷ್ಟು ಅವೆ, ಅದರಲ್ಲಿ ನಾಕು ಆರಿಸಬೇಕು. ಸೋಮವಾರ ಕಂಪನಿ ಹುಡುಗ ಬತ್ತಾನೆ, ಮೋಹನ್‌ಕುಮಾರ. ಹೋಟ್ಲು, ಆಟ, ಹೆಂಡ್ತಿ ಹೆಸರು. ಮೂರೂ ಹೇಳಬೇಕು ಅವ್ನಿಗೆ. ಒಂದು ಸಲ ಆಗಲೇ ಮುಂದಕ್ಕೆ ಹಾಕಿಸಿದೀನಿ. ಇನ್ನೊಂದು ಸಲ ಆಗಲ್ಲ ಅಂದುಬಿಟ್ಟ.

ಯಾಕೆ ನಗ್ತೀಯ?

ನಗಲಿಲ್ವಾ? ತುಟಿ ಅಲ್ಲಾಡಿದಂಗಾಯ್ತು. ಒಂದು ಕಡೆ. ನಿಮ್ಮಕ್ಕಂಗೂ ಹಂಗೇ ಆಗ್ತಿತ್ತು... ಬಿಡು.

ಓದು ನೋಡಣ, ಆ ಚಿತ್ರದ ಕೆಳಗೆ ಏನು ಬರೆದವ್ರೆ. ಇಂಗ್ಲೀಷು. ಬಿಎ ಮಾಡಿದೀಯಲ್ಲ. ಓದು... ಓದಲ್ವಾ? ಆಯ್ತು. ನಂಗೆ ಚಿತ್ರ ಸಾಕು. ನಾಕನೇ ಕ್ಲಾಸಿಗೆ ಬಿಟ್ಟೋನು ನಾನು. ಮೋಟ್ರು ಬಿಚ್ಚೋಕೆ ಅಷ್ಟು ಸಾಲ್ತು. ಹೋಟ್ಲು ನೋಡೋಕೆ ಸಾಲಲ್ವಾ?

ಆ ಕಲೆನಾ? ಏನಿಲ್ಲ. ಸಾರು. ನೆನ್ನೆ ಉಣ್ತಾ ಉಣ್ತಾ ತಿರುವ್ತಿದ್ದೆ, ಚೆಲ್ತು. ಅದನ್ನ ಬಿಡು. ಹೋಟ್ಲು ನೋಡು.

ಮೊದಲನೇದು ಊರೊಳಗೆ. ಮೂವತ್ತು ಅಂತಸ್ತೋ ಏನೋ. ಕಿಟಕೀಲಿ ನೋಡಿದ್ರೆ ಎರಡು ಗೋಪುರ ಕಾಣ್ತವೆ. ಗಾಜಿನವು. ಒಳಗೆ ದೇವರಿಲ್ಲವಂತೆ, ಆಫೀಸು ಅವೆಯಂತೆ. ಹಳೇಬೀಡಲ್ಲಿ ದೇವರೈತೆ, ಗೋಪುರ ಇಲ್ಲ. ಇವರದ್ದು ಗೋಪುರ ಮಾತ್ರ. ಇದು ಬೇಡ. ಅಷ್ಟೆತ್ತರದಲ್ಲಿ ನಂಗೆ ನಿದ್ದೆ ಬರಲ್ಲ.

ಎರಡನೇದು ಬೆಟ್ಟದ ಮೇಲೆ. ತಂತಿ ಮೇಲೆ ತೊಟ್ಟಿಲು ಹೋಯ್ತದೆ. ತೊಟ್ಟಿಲೊಳಗೆ ಇಬ್ಬರೇ ಕೂತ್ಕೋಬೇಕು. ಕೆಳಗೆ ಮೋಡ. ಇದೂ ಬೇಡ. ಚಳಿ. ನಿಮ್ಮಕ್ಕಂಗೆ ಚಳಿ ಆಗಲ್ಲ...

ಆಗ್ತಿರಲಿಲ್ಲ. ಹಂಗೇ ಬಾಯಿಗೆ ಬತ್ತದೆ. ಅದಕ್ಕೆ ಹಂಗೆ ನೋಡಬೇಡ.

ಮೂರನೇದು ದ್ವೀಪ. ಲಂಕಾವಿ. ಇದೇ ಸರಿ. ಇದರಲ್ಲೂ ಎರಡು ತರ ಐತೆ. ಈಜುಕೊಳದ ಕಡೆ ರೂಮು, ಸಮುದ್ರದ ಕಡೆ ರೂಮು. ಕೊಳದ ಕಡೆ ಬೇಡ. ಚಡ್ಡಿ ಹಾಕ್ಕೊಂಡ ಹೆಂಗಸರು ಅವ್ರೆ. ನೋಡು, ಇಲ್ಲಿ. ತಲೆ ಬಗ್ಗಿಸಬೇಡ, ನೋಡು. ನೀನು ಹಾಕ್ಕೋಬೇಕಾಗಿಲ್ಲ. ನಿಂಗೆ ಚೂಡಿದಾರ ಕೊಡಿಸ್ತೀನಿ. ಎರಡು ಕೊಡಿಸ್ತೀನಿ. ಸೀರೆಯಲ್ಲಿ ವಿಮಾನ ಹತ್ತೋಕೆ ಆಗಲ್ಲ ಅಂದ ಏಕಾಂತಯ್ಯ. ಅವನ ಹೆಂಡ್ತಿಗೆ ಆಗಲೇ ಕೊಡಿಸವ್ನಂತೆ. ಆ ಗಾತ್ರಕ್ಕೆ ಬೇಲೂರಲ್ಲಿ ಸಿಗಲಿಲ್ಲ, ಹಾಸನಕ್ಕೆ ಹೋಗಿ ಹೊಲಿಸಿದ್ನಂತೆ!

...ನಗು ಬರಲ್ವಾ ನಿಂಗೆ. ನಗಬೇಕಾದಾಗ ನಗಲ್ಲ.

ಈಗ ಆಟ. ಇದೇನು? ದೋಣಿ. ದೋಣಿಗೆ ತಳ ಗಾಜಿಂದು. ಕೆಳಗೆ ಮೀನು ಕಾಣ್ತವೆ. ಇದು ಹಾಕಣ. ಇದು ಗಿಳಿ. ಭುಜದ ಮೇಲೆ ಕೂರಿಸಿ ಫೋಟೋ ತೆಗೀತಾರೆ. ಬೇಡ. ಗಿಳಿಗೆ ಮಲೇಸಿಯಾಗೆ ಹೋಗಬೇಕಾ? ಇದು ಕಾಲು ಒತ್ತೋದು. ಹೆಂಗಸರು ಗಂಡಸರ ಕಾಲು ಒತ್ತುತಾರೆ. ಅದಕ್ಕೆ ನೀನೇ ಇರ್ತೀಯ. ಇದು... ಇದು ನೋಡು ಮಜಾ. ಸಮುದ್ರದ ದಡದಲ್ಲಿ ಮೇಜು ಹಾಕಿ, ದೀಪ ಎಲ್ಲಾ ಆರಿಸಿ, ಮೇಣದಬತ್ತಿ ಹಚ್ಚಿ, ಗಂಡ ಹೆಂಡ್ತಿ ಇಬ್ಬರೇ ಉಣ್ಣೋದು. ಅಲ್ಲ ಕಣೇ, ಇಪ್ಪತ್ತನಾಕು ಗಂಟೆ ಕರೆಂಟು ಇರೋ ದೇಶದಲ್ಲಿ! ನಾವು ಅರಸೀಕೆರೇಲಿ ದಿನಾ ಅದನ್ನೇ ಮಾಡ್ತೀವಿ. ಒಂದು ದಿನಾನಾದ್ರೂ ಫಾರಿನ್ ಅನ್ಸಿತ್ತಾ?

ಆದ್ರೂ ಇದು ಹಾಕ್ತೀನಿ. ಏಕಾಂತಯ್ಯ ಹಾಕವ್ನೆ. ನಾವು ಹಾಕಲಿಲ್ಲ ಅಂದ್ರೆ, ಯಾಕೆ ಜವರಣ್ಣ, ಹೊಸಾ ಹೆಂಡ್ತಿ ಜೊತೆ ಉಣ್ಣೋಕೆ ನಾಚಿಕೆಯಾ ಅಂತಾನೆ.

ಹನಿಮೂನು ಅಂತಾರೆ ಇದಕ್ಕೆ. ನಂಗೂ ಗೊತ್ತು ಆ ಮಾತು. ಒಂದು ಸಲ ಹೋಗಿದ್ದೋನೇ ನಾನು.

ನಿಂಗೆ ನೆಪ್ಪಿರಬೇಕಲ್ಲ. ನೀನೂ ಬಂದಿದ್ದೆ! ಮದುವೆ ಆಗಿ ಎಂಟು ದಿನಕ್ಕೆ ನಿಮ್ಮಪ್ಪ ಬೇಲೂರು ಹಳೇಬೀಡು ನೋಡ್ಕೊಂಡು ಬನ್ನಿ ಅಂತ ಬಸ್ಸು ಹತ್ತಿಸಿದ್ರು. ಹೊಸಾ ಹುಡುಗಿ ಗಂಡನ ಜೊತೆ ಒಬ್ಬಳೇ ಹೋಗಬಾರದು, ಜೊತೆಗೆ ಒಂದು ಮಗು ಇರಲಿ ಅಂತ ನಿನ್ನನ್ನ ತುರುಕಿದ್ರು. ಎರಡು ಜಡೆ, ಮೂಗಲ್ಲಿ ಸುರೀತಿತ್ತು. ಬಸ್ಸಲ್ಲಿ ನಿಮ್ಮಕ್ಕನ ತೊಡೆ ಮೇಲೆ ನೀನು. ನಾನು ಹಿಂದಿನ ಸೀಟಲ್ಲಿ ಯಾವನೋ ಹೂಕೋಸಿನ ಮೂಟೆ ಪಕ್ಕ. ಬೇಲೂರಲ್ಲಿ ಅವಳ ಬಲಗೈಯಲ್ಲಿ ಹಣ್ಣುಕಾಯಿ ಚೀಲ, ಎಡಗೈಯಲ್ಲಿ ನೀನು. ನಂಗೆ ಹಿಡಿಯೋಕೆ ಕೈಯೇ ಉಳೀಲಿಲ್ಲ. ಕೈ ಬಿಡೇ, ಮಗು ಎಲ್ಲಿಗೆ ಹೋಯ್ತದೆ ಅಂದೆ. ಬಿಡಲಿಲ್ಲ. ಜನ ಜಾಸ್ತಿ ಅವ್ರೆ, ತಪ್ಪಿಸ್ಕೋತಾಳೆ ಅಂದ್ಲು. ಹಳೇಬೀಡಲ್ಲಿ ಕೆರೆ ಏರಿ ಮೇಲೂ ಬಿಡಲಿಲ್ಲ. ರಾತ್ರಿ ಲಾಡ್ಜಲ್ಲಿ ಅವಳೂ ನೀನೂ ಮಂಚದ ಮೇಲೆ. ನಾನು ಹೊರಗೆ ಚಾಪೆ ಮೇಲೆ. ಅದು ನನ್ನ ಹನಿಮೂನು.

ಆ ಕೆರೆ ನೋಡಿ ಅವಳು ಕೇಳಿದ್ಲು, ಸಮುದ್ರ ಇಷ್ಟೇ ಇರ್ತದಾ ಅಂತ. ಇದಕ್ಕಿಂತ ದೊಡ್ಡದು ಅಂದೆ. ನೀವು ನೋಡಿದೀರಾ ಅಂದ್ಲು. ಹೂಂ ಅಂದೆ. ನಾನೂ ನೋಡಿರಲಿಲ್ಲ. ಕರ್ಕೊಂಡು ಹೋಯ್ತೀನಿ ಅಂದೆ...

ಹೋಗಲಿಲ್ಲ. ಅಂಗಡಿ ಐತೆ. ಬೋರು ಕೆಟ್ಟೋರು ಮನೆ ಮುಂದೆ ಬಂದು ನಿಂತಿರ್ತಾರೆ. ಬಿಟ್ಟು ಎಲ್ಲಿಗೆ ಹೋಗೋದು.

ಕೂತ್ಯಾ. ಒಳ್ಳೇದು. ಅಲ್ಲೇ ಕೂತ್ಕೋ. ಅವಳ ಕಾಲಿನ ಕಡೆ ಅದು.

ನೋಡು ಕೋಮಲ, ನಾನು ಮಾತು ಬಲ್ಲೋನಲ್ಲ. ಇದ್ದಿದ್ದು ಹೇಳ್ತೀನಿ. ನಿನ್ನ ಇನ್ಯಾರು ಮಾಡ್ಕೋತಾರೆ? ಬಂದೋರೆಲ್ಲ ಉಪ್ಪಿಟ್ಟು ತಿಂದ್ರು, ಊರಿಗೋಗಿ ಹೇಳಿ ಕಳಿಸ್ತೀವಿ ಅಂದ್ರು. ಹೇಳಿ ಕಳಿಸಿದ್ರಾ? ಜಾವಗಲ್ಲಿನ ಆ ಮೇಷ್ಟ್ರು, ತಿಮ್ಮೇಶ. ಅಕ್ಕ ಹುಷಾರಾಗೋಗಂಟ ಕಾಯ್ತೀನಿ ಅಂದ. ಕಾದ್ನಾ? ಹಾಸನದೋಳ್ನ ಮಾಡ್ಕೊಂಡ. ನಂಗೇ ಕಾರ್ಡು ಕೊಟ್ಟೋದ ಅಂಗಡೀಲಿ. ನಿನಗೆ ಹೇಳಲಿಲ್ಲ, ನೊಂದ್ಕೋತೀಯ ಅಂತ. ಹೋಗಿ ಉಂಡೂ ಬಂದೆ. ಹುಡುಗಿ ಬೆಳ್ಳಗವ್ಳೆ.

ಅಳಬೇಡ. ಅಳೋಕೆ ಹೇಳಿದ್ದಲ್ಲ.

ಜನ ಏನಂತಾರೆ ಗೊತ್ತಾ ನಿನ್ನ? ದೀಪಾವಳಿಯಿಂದ ಆಷಾಢದಗಂಟ ಭಾವನ ಮನೇಲಿ ಇದ್ದೋಳು ಅಂತಾರೆ. ಅಕ್ಕಂಗೆ ಲಕ್ವ ಹೊಡೆದು ಮಲಗಿದ್ಲು, ತೊಳೆಯೋಕೆ ಬಳಿಯೋಕೆ ಬಂದಿದ್ಲು ಅಂತ ಯಾರೂ ಸೇರಿಸಲ್ಲ. ಭಾವನ ಮನೇಲಿ ಇದ್ಲು. ಅಷ್ಟೇ. ಅಂಗಡಿಗೆ ಬಂದೋರು ನನ್ನ ಕೇಳ್ತಿದ್ರು, ನಾದಿನಿ ಇನ್ನೂ ಅವ್ಳಾ ಅಂತ. ನಾನು ನಕ್ಕುಬಿಡ್ತಿದ್ದೆ.

ಏನು ಹೇಳಬೇಕಿತ್ತು? ಕರ್ಕೊಂಡೋಗಿ ತೋರಿಸಬೇಕಿತ್ತಾ, ಬನ್ನಿ, ಮಂಚದ ಮೇಲೆ ಮಲಗವ್ಳೆ ನೋಡಿ ಅಂತ? ನಕ್ಕೆ. ಆಯ್ತಪ್ಪ. ಈಗ ಅದಕ್ಕೇ ಮದುವೆ ಆಗ್ತಿರೋದಲ್ವಾ?

ಅದೂ ನಾನಾಗಿ ಅಲ್ಲ. ನಿಮ್ಮಕ್ಕ ಹೇಳಿದ್ದಕ್ಕೆ. ನಿಮ್ಮಪ್ಪ ಒಪ್ಪಿದ್ದೂ ಅದಕ್ಕೇ. ಮಗಳು ಸಾಯೋ ಕಾಲಕ್ಕೆ ಹೇಳಿದ ಮಾತು ಮೀರಬಾರದು ಅಂದ್ರು. ನೀನೂ ಅದಕ್ಕೇ ಬಂದಿರೋದು. ನಂಗೊತ್ತು. ನನ್ನ ಮುಖ ನೋಡಿ ಬಂದೋಳಲ್ಲ ನೀನು. ಇರಲಿ. ಮುಖ ಆಮೇಲೆ ಒಗ್ಗುತ್ತೆ.

ಬಾಯಿ ಬರ್ತಿರಲಿಲ್ಲ, ಹೆಂಗೆ ಹೇಳಿದ್ಲು ಅಂತೀಯ. ಕಣ್ಣಲ್ಲಿ ಅದೇ ಐತೆ ನಿಂಗೆ. ಅಲ್ಲ ಕಣೇ, ನೀನೇ ಕಲಿಸಿದ್ದಲ್ವಾ ಅವಳಿಗೆ? ಬಲಗಡೆ ಅಷ್ಟೂ ಕೊರಡು. ಕೈ ಎತ್ತಿ ಬಿಟ್ರೆ ದಪ್ ಅಂತ ಬೀಳ್ತಿತ್ತು. ಎಡಗೈ ಒಂದು ಉಳಿದಿತ್ತು. ನೀನು ಪಕ್ಕದಲ್ಲಿ ಕೂತು ಹೇಳ್ಕೊಟ್ಟೆ, ಅಕ್ಕಾ, ಹೂಂ ಅಂದ್ರೆ ಒಂದು ಸಲ ಕೈ ಒತ್ತು, ಉಹೂಂ ಅಂದ್ರೆ ಎರಡು ಸಲ. ಡಾಕ್ಟ್ರು ತಲೆ ಅಲ್ಲಾಡಿಸಿ ಹೋಗಿದ್ರು, ನೀನು ಮಾತಾಡಿಸಿದೆ. ಅದು ಒಪ್ತೀನಿ. ಕರೆಯೋಕೆ ಅಂತ ದೇವರ ಗಂಟೇನೂ ಅದೇ ಕೈಗೆ ಕೊಟ್ಟೆ. ಅಂಗಡಿಯಿಂದ ಬಂದ್ರೆ ಬೀದಿಗೇ ಕೇಳ್ತಿತ್ತು ಗಂಟೆ. ಮನೆ ಒಳಗೆ ಯಾರೋ ಬಿಡದಂಗೆ ಪೂಜೆ ಮಾಡ್ತಾವ್ರೆ ಅನ್ನೋ ಹಂಗೆ.

ಹಂಗೇ ಹೇಳಿದ್ಲು. ಒಂದು ಸಂಜೆ. ನೀನು ಅಡಿಗೆ ಮನೇಲಿದ್ದೆ. ನಾನು ಕೈ ಹಿಡ್ಕೊಂಡು ಕೇಳ್ದೆ. ಕೆಂಪಲಕ್ಷ್ಮಿ, ನೀನು ಹೋದ ಮೇಲೆ ಕೋಮಲನ ಈ ಮನೇಲೇ ಇಟ್ಕೊಳ್ಳಲಾ ಅಂತ. ಒಂದು ಸಲ ಒತ್ತಿದ್ಲು. ಒಂದೇ ಸಲ. ದೇವರಾಣೆ.

ಅಷ್ಟೇ. ಟೂರು ಗೀರು ಆಗ ಎಲ್ಲಿತ್ತು? ಈ ಪುಸ್ತಕ ಮೋಹನ್‌ಕುಮಾರ ಕೊಟ್ಟಿದ್ದೇ ಮೊನ್ನೆ ಮಂಗಳವಾರ.

ನೀನು ಆ ಗಂಟೆ ಯಾಕೆ ನೋಡ್ತಿದೀಯ? ಅಲ್ಲೇ ಇರಲಿ ಅದು, ದೇವರ ಗೂಡಲ್ಲಿ. ನಾನೇ ತೆಗೆದಿಟ್ಟಿದ್ದು, ಅವಳು ಇದ್ದಾಗಲೇ. ಕೊನೆಕೊನೆಗೆ ಸುಮ್ಮನೆ ಬಾರಿಸ್ತಿದ್ಲು. ನೀನು ಓಡಿ ಬತ್ತಿದ್ದೆ. ಏನಕ್ಕಾ, ನೀರಾ? ಎರಡು ಸಲ ಒತ್ತೋಳು. ಮಗ್ಗುಲು ತಿರುಗಿಸಲಾ? ಎರಡು ಸಲ. ನೋವಾ? ಎರಡು ಸಲ. ಮತ್ತೇನಕ್ಕಾ ಅಂತ ನೀನು ಅಳೋಳು. ಅವಳೂ ಅಳೋಳು. ಹೇಳೋಕೆ ಏನೂ ಇರಲಿಲ್ಲ ಕಣೇ. ತಲೆಗೆ ಏರಿತ್ತು ಅಷ್ಟೇ. ನಾನೇ ಹೇಳಿದ್ನಲ್ಲ ನಿಂಗೆ, ಬುದ್ಧಿ ಹೋಗೈತೆ, ಗಂಟೆ ಕೊಡಬೇಡ ಅಂತ. ಇಬ್ಬರಿಗೂ ನಿದ್ದೆ ಬರಲಿ ಅಂತ ತೆಗೆದೆ.

ಈಗ ನಂಗೆ ನಿದ್ದೆ ಇಲ್ಲ. ಗಂಟೆ ಕೇಳಿದಂಗಾಯ್ತದೆ. ಎದ್ದು ಕೂತ್ಕೋತೀನಿ. ಈ ರೂಮಿನ ನೆಲದ ಮೇಲೇ ಮಲಗೋದು ನಾನು, ಗೊತ್ತಾ? ಹೊಸಾ ಹಾಸಿಗೆ ತಂದೆ, ಒಂದು ದಿನಾನೂ ಮಲಗಿಲ್ಲ. ಅವಳ ಎಣ್ಣೆ ವಾಸನೆ ಮಂಚದ ಮರಕ್ಕೇ ಹತ್ತೈತೆ. ಅಂಗಡೀಲಿ ಗಿರಾಕಿ ಮಾತಾಡ್ತಿರ್ತಾನೆ, ನಂಗೆ ಅವಳು ಸೀರೆ ಸೆರಗಲ್ಲಿ ಮುಖ ಒರೆಸ್ಕೊಳ್ಳೋದು ಕಣ್ಣಿಗೆ ಬತ್ತದೆ. ಯಾರಿಗೆ ಹೇಳಲಿ. ಜವರಣ್ಣ ಎರಡನೇದು ಮಾಡ್ಕೋತಾವ್ನೆ ಅಂತಾರೆ. ಮೊದಲನೇದು ನಂಗೆ ಮುಗಿದಿಲ್ಲ ಕಣೇ.

ಅದಕ್ಕೇ ನೀನು. ಬೇರೆ ಯಾರೋ ಬಂದ್ರೆ ಅವಳ ಹೆಸರು ಎತ್ತಿದ್ರೆ ಮೂತಿ ತಿರುವ್ತಾಳೆ. ನೀನಾದ್ರೆ ಅಳ್ತೀಯ. ಪಕ್ಷಕ್ಕೆ ಎಡೆ ಇಡೋವಾಗ ನೀನೇ ಇಡಬೇಕು. ಹಸಿರು ಸೀರೆ, ಬಳೆ, ಅರಿಶಿನ ಕುಂಕುಮ. ಮುತ್ತೈದೆಯಾಗಿ ಹೋದೋಳು. ಅವಳಿಗೆ ಇಟ್ಟ ಸೀರೆ ಆಮೇಲೆ ನೀನೇ ಉಡಬೇಕು. ಅವಳ ಸೀರೆ ನಿಂಗೆ ಸರಿಹೋಯ್ತದೆ. ಹಿಂದಿನಿಂದ ನೋಡಿದ್ರೆ ನೀನು ಅವಳೇ. ಮುಂದಿನಿಂದ ಸ್ವಲ್ಪ ಕಪ್ಪು.

ಇನ್ನೊಂದು. ಭಾವ ಅನ್ನೋದು ಬಿಡು. ಬಂದಾಗ ಬಾಗಿಲಲ್ಲಿ ಭಾವ ಅಂದೆ. ರೀ ಅನ್ನು. ಈಗಿಂದಲೇ ಅಭ್ಯಾಸ ಮಾಡು. ಏಕಾಂತಯ್ಯನ ಮುಂದೆ ಭಾವ ಅಂದ್ರೆ ನಾನು ವಿಮಾನದಿಂದ ಹಾರ್ಕೋಬೇಕಾಯ್ತದೆ. ಅನ್ನು. ಒಂದು ಸಲ. ರೀ.

...ಸರಿ. ಲಗ್ನ ಆದಮೇಲೆ ಅನ್ನು.

ಕಾಫಿ ಆರೋಯ್ತು ನೋಡು. ಕೆನೆ ಕಟ್ಟಿತು. ಬೇರೆ ಏನೂ ಇಲ್ಲ ಮನೇಲಿ. ನಾನು ಬೇಯಿಸೋದು ಅನ್ನ, ಮೊಸರು. ಸಾರಿಗೆ ಹೋಟ್ಲಿಗೆ ಹೋಯ್ತೀನಿ, ಸ್ಟೇಷನ್ ಹತ್ರ. ಅಲ್ಲೇ ಉಂಡು ಬತ್ತೀನಿ. ರಾಗಿ ಗಂಜಿಯಂತೂ ಆಷಾಢದಿಂದ ಈ ಮನೇಲಿ ಕಾಯಿಸಿಲ್ಲ. ಅದರ ವಾಸನೆ ಬಂದ್ರೆ ಬೀದಿಗೆ ಎದ್ದು ಹೋಯ್ತೀನಿ. ಮೂರು ಹೊತ್ತೂ ಗಂಜಿ. ಬಟ್ಟಲಲ್ಲಿ ಗಂಜಿ, ದಿಂಬಿನ ಮೇಲೆ ಗಂಜಿ, ಅವಳ ಕತ್ತಿನ ಮೇಲೆ ಗಂಜಿ...

ಯಾಕೆ, ಉಗುರಲ್ಲಿ ಕೆರೀತಿದೀಯ ಆ ಕಲೇನ?

ಸಾರು ಅಂದ್ನಲ್ಲ.

ಇಲ್ಲೇ ಉಂಡೆ. ನೆನ್ನೆ. ನೆನ್ನೆ ಹೋಟ್ಲಿಗೆ ಹೋಗಲಿಲ್ಲ... ತಂದ್ಕೊಂಡೆ. ಕವರಲ್ಲಿ ಕಟ್ಟಿಸ್ಕೊಂಡು ಬಂದೆ.

ಮೂಸಬೇಡ. ಏ. ಮೂಸ್ತಾರಾ ಯಾರಾದ್ರೂ ಪುಸ್ತಕಾನ? ನಾಯಿ ತರ.

ಹೌದಪ್ಪ, ರಾಗಿ. ರಾಗಿ ಅಂಬಲಿ ಇರಬೇಕು. ಅಂಗಡೀಲಿ ಯಾವನೋ ಕುಡೀತಿದ್ದ, ಚೆಲ್ಲಿದ. ನಂಗೇನು ಗೊತ್ತು ಯಾವಾಗ ಚೆಲ್ತು ಅಂತ. ಹಳೇದು. ಮೋಹನ್‌ಕುಮಾರ ಕೊಡೋವಾಗಲೇ ಇತ್ತೇನೋ. ಕಂಪನಿಯೋರು ಹಳೇ ಪುಸ್ತಕಾನೇ ತಳ್ಳಿರ್ತಾರೆ. ಈಗ ಕಲೆ ಮುಖ್ಯವೋ ಹೋಟ್ಲು ಮುಖ್ಯವೋ? ಸಮುದ್ರದ ಕಡೆ ರೂಮು ಅಂತ ಹೇಳಿಬಿಡ್ತೀನಿ. ಆಯ್ತಾ? ಹೂಂ ಅನ್ನು. ಅನ್ನೋಕೆ ಆಗದಿದ್ರೆ ಕೈ ಕೊಡು, ಒಂದು ಸಲ ಒತ್ತು...

ಹಂಗೆ ನೋಡಬೇಡ ಅಂದೆ.

ಅವಳೂ ಹಿಂಗೇ. ಇದೇ ಕಣ್ಣು. ಇಷ್ಟಗಲ. ನೀನು ಏನು ಅನ್ಕೊಂಡಿದೀಯ, ಅವಳಿಗೆ ತೋರಿಸಿದೆ ಅಂತಲಾ? ತೋರಿಸಿದೆ. ಏನಾಯ್ತೀಗ? ಸಮುದ್ರ ಅಂತ ಬಾಯಿ ಬಿಡ್ತಿದ್ದೋಳು, ಚಿತ್ರದಲ್ಲಾದ್ರೂ ನೋಡಲಿ ಅಂತ ತೋರಿಸಿದೆ. ಹುಷಾರಾಗು, ಹೋಗಣ ಅಂತಲೇ ಅಂದೆ ಮೊದಲು. ದಿನಾ ಅಂದೆ. ಹುಷಾರಾದ್ಲಾ? ಮೋಹನ್‌ಕುಮಾರ ಹೆಸರು ಕೊಡಿ, ಹೆಸರು ಕೊಡಿ ಅಂತ ಪ್ರಾಣ ತೆಗೀತಿದ್ದ. ಮಲಗಿರೋಳ ಹೆಸರು ಕೊಡೋಕಾಯ್ತದಾ? ಅವಳಿಗೂ ಗೊತ್ತಿತ್ತು ಹೋಯ್ತೀನಿ ಅಂತ. ನಂಗೂ ಗೊತ್ತಿತ್ತು. ನೀನೊಬ್ಬಳೇ, ಗಂಜಿ ಕುಡಿಸಿದ್ರೆ ಎದ್ದು ಕೂತ್ಕೋತಾಳೆ ಅನ್ಕೊಂಡಿದ್ದೋಳು.

ನಾನು ಮುಚ್ಚಿಟ್ಟು ಮಾಡೋನಲ್ಲ. ಅವಳ ತಂಗಿ, ಅವಳೇ ಆರಿಸಲಿ ಅಂತ ಮರ್ಯಾದೆಯಾಗೇ ಕೇಳ್ದೆ. ಕೆಂಪಲಕ್ಷ್ಮಿ, ನಾನೂ ಕೋಮಲಾನೂ ಹೋದ್ರೆ ಯಾವ ರೂಮು ಅಂತ. ಸಮುದ್ರದ ಕಡೆಯದಾದ್ರೆ ಒಂದು ಸಲ ಒತ್ತು, ಕೊಳದ ಕಡೆಯದಾದ್ರೆ ಎರಡು ಸಲ ಅಂದೆ.

ಒತ್ತಿದ್ಲು. ಒತ್ತಿದ್ದು ಸುಳ್ಳಲ್ಲ. ಉಗುರು ಒಳಗೆ ಹೋಗೋ ಹಂಗೆ ಒತ್ತಿದ್ಲು. ಬಿಡಲೇ ಇಲ್ಲ... ಎಷ್ಟು ಸಲ ಅಂತ ಎಣಿಸೋದು, ಬಿಡದೇ ಇದ್ರೆ? ಒಂದು ಸಲ ಅಂತಲೇ ಲೆಕ್ಕ ಅದು.

ಆಮೇಲೆ ಬಿಟ್ಲು. ಬಟ್ಟಲಿಗೆ ಹೊಡೆದ್ಲು.

ಗಂಜಿ ಬಟ್ಟಲು. ನೀನೇ ಆರಲಿ ಅಂತ ಇಟ್ಟು ಹೋಗಿದ್ದೆ, ಮಂಚದ ಮೇಲೆ. ಅಲ್ಲೇ, ಈಗ ಲೋಟ ಇಟ್ಟಿದೀಯಲ್ಲ, ಅಲ್ಲೇ. ಪುಸ್ತಕ ಒಂದು ಕಡೆ, ಬಟ್ಟಲು ಒಂದು ಕಡೆ. ಅಷ್ಟು ಬಲ ಆ ಎಡಗೈಯಲ್ಲಿ ಎಲ್ಲಿತ್ತೋ.

ಸದ್ದು ಕೇಳಿ ನೀನು ಓಡಿ ಬಂದೆ. ನೆಪ್ಪಾಯ್ತಾ? ನೀನು ಬರೋಷ್ಟರಲ್ಲಿ ಪುಸ್ತಕಾನ ಅಂಗಿ ಒಳಗೆ ಹಾಕ್ಕೊಂಡೆ. ಎದೆಯೆಲ್ಲ ಅಂಟಂಟು. ನಾನು ಏನೂ ಅನ್ನಲಿಲ್ಲ ಅವಳಿಗೆ ಕಣವ್ವಾ. ಒಂದು ಮಾತು ಅನ್ನಲಿಲ್ಲ. ಅಂದಿದ್ದು ನೀನು. ಬಟ್ಟೆ ತಂದು ನೆಲ ಒರೆಸ್ತಾ ಅಂದೆ, ಇರೋದೊಂದು ಕೈ ಅಕ್ಕಾ, ಅದರಲ್ಲೂ ಇದೇನಾ ಮಾಡೋದು ಅಂತ. ಆ ಕೈ ಮೇಲೆ ಒಂದು ಏಟೂ ಕೊಟ್ಟೆ. ಫಟ್ ಅಂತ. ನಾನಲ್ಲ ಹೊಡೆದಿದ್ದು. ನೀನು.

ಅವತ್ತಿಂದಲೇ ಅವಳು ಹಂಗೆ ಸುಮ್ಮಸುಮ್ಮನೆ ಗಂಟೆ ಬಾರಿಸೋಕೆ ಶುರು ಮಾಡಿದ್ದು.

...ಕೋಮಲ.

ಏನಾದ್ರೂ ಮಾತಾಡು. ಬೈ ಬೇಕಾದ್ರೆ. ನಿಮ್ಮಪ್ಪನ ಕರೀತೀಯ? ಕರಿ. ಏನು ಹೇಳ್ತೀಯ ಅವರಿಗೆ? ಅಕ್ಕ ಬೇಡ ಅಂದಿದ್ಲು ಅಂತಲಾ? ಬೇಡ ಅಂದ್ಲು ಅಂತ ಯಾರು ಹೇಳಿದ್ದು? ಬಟ್ಟಲು ಬಿತ್ತು. ಅಷ್ಟೇ ಆಗಿದ್ದು. ಕಾಯಿಲೆ ಕೈ, ತಗುಲ್ತು, ಬಿತ್ತು. ನೀನೇ ಹಂಗಂದೆ ಅವತ್ತು ಅಕ್ಕಪಕ್ಕದೋರಿಗೆ.

ಮುಗೀತು ಬಿಡು. ಹೋದೋಳು ಹೋದ್ಲು. ಇದ್ದೋರು ಇರಬೇಕು. ಪುಸ್ತಕ ಇಲ್ಲಿಡು, ಹಾ, ಮಂಚದ ಮೇಲೆ, ಬಿಡಿಸಿ ಇಡು. ಪೆನ್ನು ತಗೋ. ಆ ನೀಲಿ ಚಿತ್ರದ ಪಕ್ಕ ಚೌಕ ಐತಲ್ಲ, ಅದರೊಳಗೆ ಒಂದು ಗೀಟು ಹಾಕು. ಹೆಸರು ನಾನು ಸೋಮವಾರ ಹೇಳ್ಕೋತೀನಿ. ಗೀಟು ಹಾಕು ಸಾಕು. ಹಾಕು ಮರಿ. ಸಮುದ್ರ ನೋಡ್ಕೊಂಡು ಬರಣ. ಅವಳ ಹೆಸರಲ್ಲಿ ಒಂದು ಹಿಡಿ ಹೂವು ಬಿಟ್ಟು ಬರಣ, ನೀರಿಗೆ...

ಏ! ಏಏ... ಕಾಫಿ! ಹಾಸಿಗೆ ಮೇಲೆಲ್ಲ... ಪುಸ್ತಕ... ಏನೇ ಇದು, ಬೇಕಂತಲೇ... ಎತ್ತು ಅದನ್ನ, ನೆಂದೋಯ್ತದೆ, ಸೋಮವಾರ ಕೊಡಬೇಕು... ಬಟ್ಟೆ... ಬಟ್ಟೆ ಎಲ್ಲೈತೆ...

...

ಪೆನ್ನು ಬಲಗೈಲಿತ್ತಲ್ಲ. ಲೋಟಕ್ಕೆ ಹೊಡೆದಿದ್ದು ಎಡಗೈ.

ನೀನು ಎಡಚಿ ಅಲ್ವಲ್ಲ, ಕೋಮಲ.